ತಾಯಿಯ ಮಡಿಲು, ನಾಳೆಯ ಕೂಲಿ





ಕಳೆದ ಭಾನುವಾರ ವಂದನೆ, ಸುತ್ತ ಪಠಣ ಎಲ್ಲ ಮುಗಿದು ಟೀ ಲೋಟ ಹಿಡಿದು ನಿಂತಿದ್ದಾಗ ನಮ್ಮ ಬಳಗದ ತಂಗಿಯೊಬ್ಬರು ಹತ್ತಿರ ಬಂದು ಒಂದು ಮಾತು ಕೇಳಿದರು. ಅವರ ಒಪ್ಪಿಗೆ ಪಡೆದು, ಹೆಸರು ಹಾಕದೆ ಬರೆಯುತ್ತಿದ್ದೇನೆ.

"ಸಾ, ನಾನು ಮಗೀನ ಮೂರ್ ತಿಂಗ್ಳಿಗೇ ನಮ್ಮವ್ವನ್ ತಾವ ಬುಟ್ಟು ಗಾರ್ಮೆಂಟ್ಸ್‌ಗೆ ಹೋದೆ. ಅದ್ಕೇ ಅವ್ನು ಹಿಂಗಾದ್ನಾ?"

ಅವರ ಮಗ ಈಗ ಒಂದನೇ ತರಗತಿ. ಯಾರಾದರೂ ಜೋರಾಗಿ ಮಾತಾಡಿದರೆ ಬೆಚ್ಚುತ್ತಾನೆ. ಹೊಸಬರ ಮುಂದೆ ಬಾಯಿ ಬಿಡುವುದಿಲ್ಲ. ರಾತ್ರಿ ಅಜ್ಜಿಯ ಸೆರಗು ಹಿಡಿದೇ ಮಲಗಬೇಕು. ಅವನನ್ನು ನೋಡಿದ ನೆಂಟರೊಬ್ಬರು "ಹೆತ್ತವ್ವನ ಮಡ್ಲು ಕಾಣ್ದ ಮಗ ಇನ್ನೆಂಗಿದ್ದಾನು" ಎಂದುಬಿಟ್ಟರಂತೆ. ಆ ಮಾತು ಒಂದು ವರ್ಷದಿಂದ ಈ ತಾಯಿಯ ಎದೆಯಲ್ಲಿ ಮುಳ್ಳಿನಂತೆ ಕೂತಿದೆ.

ನಾನು ಆಗ "ಹಾಗೇನಿಲ್ಲ ಬಿಡಮ್ಮ" ಎಂದೆ. ಅದು ಸಮಾಧಾನದ ಮಾತಾಯಿತೇ ಹೊರತು ಉತ್ತರವಾಗಲಿಲ್ಲ. ಉತ್ತರ ಹೇಳಲು ಓದಬೇಕಿತ್ತು, ಈ ವಾರವೆಲ್ಲ ಓದಿದೆ. ನಾನು ಕನ್ನಡ ಮೇಷ್ಟ್ರು, ಜೀವಶಾಸ್ತ್ರ ನನ್ನ ವಿಷಯವಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಒಮ್ಮೆ ನೋಡಿ ತಿದ್ದಿಕೊಟ್ಟಿದ್ದಾರೆ. ಇವತ್ತಿನ ಚಿಂತನೆ ದಿನದಂತೆ ಚಿಕ್ಕದಾಗಿಲ್ಲ. ಬಿಡುವಾದಾಗ ಕೂತು ಓದಿ.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ಗಾದೆ ನಮಗೆಲ್ಲ ಗೊತ್ತು. ಹೆಣ್ಣು ನೋಡಲು ಹೋಗುವವರು ಇದನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಶಾಲೆಗಳಲ್ಲೂ ಇದು ಬೇರೆ ವೇಷದಲ್ಲಿ ಓಡಾಡುತ್ತದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಸಹೋದ್ಯೋಗಿಯೊಬ್ಬರು ನಮ್ಮ ಕೇರಿಯ ಒಬ್ಬ ಹುಡುಗನನ್ನು ಕುರಿತು "ಅವರ ರಕ್ತವೇ ಹಾಗೆ, ನೀವೆಷ್ಟು ಹೇಳಿಕೊಟ್ಟರೂ ಅಷ್ಟೇ" ಎಂದರು. ನಾನೂ ಅದೇ ಕೇರಿಯವನೆಂದು ಅವರಿಗೆ ಆಗ ತಿಳಿದಿರಲಿಲ್ಲ. ತಾಯಿಯಿಂದ ಮಗುವಿಗೆ ಏನೋ ಹರಿದು ಬರುತ್ತದೆ ಎಂಬುದು ನಿಜವೇ. ಆ ಹರಿದು ಬರುವುದು ಯಾವುದು, ಯಾವ ದಾರಿಯಲ್ಲಿ ಬರುತ್ತದೆ ಎಂಬುದರಲ್ಲೇ ಎಲ್ಲ ಇದೆ.

ಮೊದಲು ತಾಯ್ತನದ ಕಥೆಯನ್ನೇ ನೋಡೋಣ. ಹೆರಿಗೆಯ ಹೊತ್ತಿಗೆ ತಾಯಿಯ ಮೈಯಲ್ಲಿ ಹಲವು ಹಾರ್ಮೋನುಗಳು ಏರಿಳಿಯುತ್ತವೆ. ಆಕ್ಸಿಟೋಸಿನ್ ಎಂಬುದು ಗರ್ಭಕೋಶವನ್ನು ಬಿಗಿಸಿ ಹೆರಿಗೆ ಮಾಡಿಸುತ್ತದೆ, ಆಮೇಲೆ ಮಗು ಬಾಯಿ ಹಾಕಿದಾಗ ಎದೆಹಾಲು ಇಳಿಯುವಂತೆ ಮಾಡುತ್ತದೆ. ಮಿದುಳಿನಲ್ಲೂ ಕೆಲಸ ಮಾಡಿ ಮರಿಯ ಕಡೆ ಮನಸ್ಸನ್ನು ಎಳೆಯುತ್ತದೆ. ಹೆರದ ಹೆಣ್ಣಿಲಿಗಳ ಮಿದುಳಿಗೆ ಇದನ್ನು ಕೊಟ್ಟಾಗ ಅವು ಬೇರೆಯವರ ಮರಿಗಳನ್ನು ತಾಯಿಯಂತೆ ನೋಡಿಕೊಂಡಿದ್ದನ್ನು 1979ರಲ್ಲೇ ವಿಜ್ಞಾನಿಗಳು ತೋರಿಸಿದರು. ಇಲ್ಲಿಗೆ ನಿಲ್ಲಿಸಿದರೆ, ತಾಯ್ತನ ಎಂದರೆ ಹೆತ್ತವಳ ಮೈಯಲ್ಲಿ ತಾನಾಗಿ ಉಕ್ಕುವ ರಸ ಅಷ್ಟೇ, ಬೇರೆಯವರಿಗೆ ಅದರಲ್ಲಿ ಪಾಲಿಲ್ಲ ಎಂದಾಗುತ್ತದೆ.

ಆದರೆ ಅದಕ್ಕೂ ಮೊದಲೇ, 1967ರಲ್ಲಿ, ಅಮೆರಿಕದ ಜೇ ರೋಸೆನ್‌ಬ್ಲಾಟ್ ಎಂಬ ವಿಜ್ಞಾನಿ ಇನ್ನೊಂದು ಸಂಗತಿ ಕಂಡಿದ್ದರು. ಎಂದೂ ಹೆರದ ಇಲಿಯ ಗೂಡಿಗೆ ಎಳೆಮರಿಗಳನ್ನು ಬಿಟ್ಟರೆ ಅದು ಮೊದಲು ದೂರ ಸರಿಯುತ್ತದೆ. ದಿನವೂ ಬಿಡದೆ ಮರಿಗಳನ್ನು ಅದರ ಜೊತೆ ಇಡುತ್ತ ಹೋದರೆ ಸುಮಾರು ಒಂದು ವಾರದೊಳಗೆ ಅದು ಮರಿಗಳನ್ನು ಬಾಯಲ್ಲಿ ಕಚ್ಚಿ ಗೂಡಿಗೆ ತರುತ್ತದೆ, ನೆಕ್ಕುತ್ತದೆ, ಮೇಲೆ ಬಾಗಿ ಬೆಚ್ಚಗೆ ಇಡುತ್ತದೆ. ಹಾಲಿಲ್ಲ, ಹೆರಿಗೆಯಿಲ್ಲ, ಹೆರಿಗೆಯ ಹಾರ್ಮೋನುಗಳ ಏರಿಳಿತವೂ ಇಲ್ಲ. ಇನ್ನೂ ಕೇಳಿ: ಗಂಡು ಇಲಿಗಳೂ ಹಾಗೇ ಮಾಡಿದವು.

ಇದನ್ನು ಓದುತ್ತಿದ್ದಾಗ ನನಗೆ ನೆನಪಾದದ್ದು ಮಹಾಪ್ರಜಾಪತಿ ಗೌತಮಿ. ಸಿದ್ಧಾರ್ಥ ಏಳು ದಿನದ ಕೂಸಾಗಿದ್ದಾಗ ಮಹಾಮಾಯೆ ತೀರಿಕೊಂಡರು. ಎತ್ತಿಕೊಂಡು ಎದೆಹಾಲು ಕೊಟ್ಟು ಬೆಳೆಸಿದವರು ಚಿಕ್ಕಮ್ಮ. ತನ್ನ ಸ್ವಂತ ಮಗ ನಂದನನ್ನು ದಾದಿಯರ ಕೈಗೆ ಕೊಟ್ಟು ಈ ಮಗುವಿಗೆ ತಾನು ಹಾಲೂಡಿದರು ಎಂದು ಅಟ್ಠಕಥೆಗಳು ಹೇಳುತ್ತವೆ. ಮುಂದೆ ಹೆಂಗಸರಿಗೆ ಸಂಘದ ಬಾಗಿಲು ತೆರೆಯಬೇಕೆಂದು ಆನಂದ ವಾದಿಸಿದಾಗ ತಥಾಗತರಿಗೆ ನೆನಪಿಸಿದ್ದೂ ಈ ಹಾಲಿನ ಋಣವನ್ನೇ. ಬಾಬಾಸಾಹೇಬರ ಬಾಲ್ಯವೂ ಇದಕ್ಕೆ ದೂರದ್ದಲ್ಲ. ಅವರಿಗೆ ಸುಮಾರು ಐದು ವರ್ಷವಾಗಿದ್ದಾಗ ತಾಯಿ ಭೀಮಾಬಾಯಿ ತೀರಿಕೊಂಡರು. ಸಾಕಿದವರು ಸೋದರತ್ತೆ ಮೀರಾಬಾಯಿ. ನಾವು ಶರಣು ಹೋದ ಬುದ್ಧರೂ, ನಮ್ಮನ್ನು ಅಲ್ಲಿಗೆ ಕರೆದೊಯ್ದ ಬಾಬಾಸಾಹೇಬರೂ ಹೆತ್ತ ತಾಯಿಯಲ್ಲದ ಹೆಂಗಸಿನ ಕೈತುತ್ತು ಉಂಡು ಬೆಳೆದವರು. ಆ ನೆಂಟರ ಮಾತಿಗೆ ಇದಿಷ್ಟೇ ಸಾಕಿತ್ತೇನೋ.

ಆದರೂ ಮುಂದೆ ಹೋಗೋಣ. ಮಗುವಿನ ಮೇಲೆ ಏನು ಪರಿಣಾಮ ಎಂಬುದು ಆ ತಂಗಿಯ ನಿಜವಾದ ಪ್ರಶ್ನೆ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಎಂಬವರು ತಾಯಿ ಇಲಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಒಂದೇ ತಳಿ, ಒಂದೇ ಬಗೆಯ ಗೂಡು, ಒಂದೇ ಆಹಾರ. ಆದರೂ ಕೆಲವು ತಾಯಂದಿರು ಮರಿಗಳನ್ನು ತುಂಬ ನೆಕ್ಕುತ್ತವೆ, ಕೆಲವು ಕಡಿಮೆ. (ನಮಗೆ ಎಣ್ಣೆ ಸ್ನಾನ, ಕಾಲ ಮೇಲೆ ಮಲಗಿಸಿಕೊಂಡು ನೀವುವುದು ಹೇಗೋ ಇಲಿಗೆ ನೆಕ್ಕುವುದು ಹಾಗೆ.) ಎಲ್ಲ ತಾಯಂದಿರೂ ಹಾಲು ಕೊಡುತ್ತವೆ, ಯಾವ ಮರಿಯೂ ಸೊರಗುವುದಿಲ್ಲ. ವ್ಯತ್ಯಾಸ ಹೆಚ್ಚಾಗಿ ಕಾಣುವುದು ಮೊದಲ ಒಂದು ವಾರ. ಆದರೆ ಮರಿಗಳು ದೊಡ್ಡವಾದ ಮೇಲೂ ಅದರ ಗುರುತು ಉಳಿದಿತ್ತು. ತುಂಬ ನೆಕ್ಕಿಸಿಕೊಂಡವು ಹೊಸ ಜಾಗದಲ್ಲಿ ಧೈರ್ಯವಾಗಿ ಓಡಾಡಿದವು. ಗಾಬರಿಯಾದರೂ ಬೇಗ ತಣ್ಣಗಾದವು. ಕಡಿಮೆ ನೆಕ್ಕಿಸಿಕೊಂಡವು ಬೆಚ್ಚುವುದು ಹೆಚ್ಚು, ಬೆಚ್ಚಿದ ಮೇಲೆ ಮೈಯೊಳಗಿನ ಒತ್ತಡದ ಹಾರ್ಮೋನು ಇಳಿಯಲು ಹೊತ್ತು ಹಿಡಿಯಿತು.

ರಕ್ತದ ವಾದದವರು ಇಲ್ಲಿ ಎದ್ದು ನಿಲ್ಲುತ್ತಾರೆ: "ನೋಡಿದಿರಾ, ಅಂಜುಬುರುಕ ತಾಯಿಗೆ ಅಂಜುಬುರುಕ ಮರಿ." ಮೀನಿಯವರ ತಂಡಕ್ಕೂ ಇದೇ ಸಂಶಯ ಬಂತು. ಅವರು ಮರಿಗಳನ್ನು ಹುಟ್ಟಿದ ಕೂಡಲೇ ಅದಲು ಬದಲು ಮಾಡಿದರು. ಕಡಿಮೆ ನೆಕ್ಕುವ ತಾಯಿ ಹೆತ್ತ ಮರಿಯನ್ನು ತುಂಬ ನೆಕ್ಕುವ ತಾಯಿಯ ಮಡಿಲಿಗೆ ಹಾಕಿದರು. ಆ ಮರಿ ಬೆಳೆದದ್ದು ಸಾಕಿದ ತಾಯಿಯ ಹಾಗೆ, ಧೈರ್ಯವಾಗಿ. ಆ ಮರಿ ಹೆಣ್ಣಾಗಿದ್ದರೆ ಮುಂದೆ ತಾನು ಹೆತ್ತಾಗ ತುಂಬ ನೆಕ್ಕುವ ತಾಯಿಯೇ ಆಯಿತು. ಅದರ ಮಕ್ಕಳಿಗೂ ಆ ಧೈರ್ಯ ಬಂತು. ಇದನ್ನು ಅವರು ಪ್ರಕಟಿಸಿದ್ದು 1999ರಲ್ಲಿ. ಅಂದರೆ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಒಂದು ಗುಣ ದಾಟಿ ಹೋಗುತ್ತಿದೆ, ಆದರೆ ರಕ್ತದ ದಾರಿಯಲ್ಲಲ್ಲ. ಗಾದೆಯಲ್ಲಿರುವ ನೂಲು ನಾಲಿಗೆಯ ಮೇಲಿದೆ.

2004ರಲ್ಲಿ ಇದೇ ತಂಡ ಇನ್ನೂ ಒಳಗೆ ಇಣುಕಿ ನೋಡಿತು. ನಮ್ಮ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಒತ್ತಡದ ಹಾರ್ಮೋನು ಏರಿದಾಗ ಅದನ್ನು ಗುರುತಿಸಿ "ಸಾಕು, ಇಳಿಸು" ಎಂದು ಹೇಳುವ ಗ್ರಾಹಕಗಳು ಅಲ್ಲಿರುತ್ತವೆ. ಈ ಗ್ರಾಹಕಗಳನ್ನು ತಯಾರಿಸುವ ವಂಶವಾಹಿ ಎಲ್ಲ ಮರಿಗಳಲ್ಲೂ ಒಂದೇ. ಆದರೆ ಅದರ ಮೇಲೆ ಬೀಗದಂಥ ಒಂದು ರಾಸಾಯನಿಕ ಗುರುತು ಕೂತಿರುತ್ತದೆ. ತಾಯಿ ನೆಕ್ಕಿದಷ್ಟೂ ಆ ಬೀಗ ಸಡಿಲವಾಗುತ್ತದೆ, ಗ್ರಾಹಕಗಳು ಹೆಚ್ಚುತ್ತವೆ. ನೆಕ್ಕುವುದು ಕಡಿಮೆಯಾದರೆ ಬೀಗ ಹಾಗೇ ಉಳಿಯುತ್ತದೆ. ಅಕ್ಷರ ಬದಲಾಗಿಲ್ಲ, ಓದುವ ರೀತಿ ಬದಲಾಗಿದೆ. ಕನ್ನಡ ಮೇಷ್ಟ್ರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕೆಂದರೆ ಇಷ್ಟೇ.

ವಸಲ ಸುತ್ತದಲ್ಲಿ ಭಗವಾನ್ ಬುದ್ಧರು ಅಗ್ಗಿಕ ಭಾರದ್ವಾಜನ ಎದುರು ಹುಟ್ಟನ್ನು ಅಳತೆಗೋಲಾಗಿ ಒಪ್ಪದೆ ನಡತೆಯನ್ನು ಮುಂದಿಟ್ಟರಲ್ಲವೇ. ಇಲಿಯ ಪ್ರಯೋಗ ತೋರಿಸಿ ಜಾತಿ ಸುಳ್ಳೆಂದು ಸಾಬೀತು ಮಾಡಬೇಕಾದ ದೈನೇಸಿ ಸ್ಥಿತಿ ನಮಗಿಲ್ಲ, ಆ ಕೆಲಸ ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಆಗಿದೆ. ಆದರೂ ಮುಂದಿನ ಸಲ ಯಾರಾದರೂ ಸ್ಟಾಫ್ ರೂಮಿನಲ್ಲಿ "ರಕ್ತವೇ ಹಾಗೆ" ಎಂದರೆ ಈ ಇಲಿಯ ಮರಿಯ ಕಥೆ ಹೇಳಬೇಕೆಂದು ಗುರುತು ಹಾಕಿಕೊಂಡಿದ್ದೇನೆ. ಅವತ್ತು ಆ ಸಹೋದ್ಯೋಗಿಯ ಎದುರು ನಾನು ಏನೂ ಮಾತಾಡಿರಲಿಲ್ಲ.

ಈಗ ಒಂದು ಅಪಾಯ. "ಹಾಗಾದರೆ ಎಲ್ಲ ತಾಯಿಯ ಕೈಯಲ್ಲೇ ಇದೆ, ಮಗು ಅಂಜುಬುರುಕನಾದರೆ ಅವಳೇ ಕಾರಣ" ಎಂದು ಯಾರಾದರೂ ತಿರುಗಿಸಬಹುದು. ತಿರುಗಿಸಿಯೂ ಇದ್ದಾರೆ. 1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ಕೆಲವು ಮನೋವೈದ್ಯರು ಮಗುವಿಗೆ ಆಟಿಸಂ ಬರುವುದು ತಾಯಿಯ ತಣ್ಣನೆ ಮನಸ್ಸಿನಿಂದ ಎಂದು ಹೇಳಿ, ಅಂಥವರನ್ನು "ರೆಫ್ರಿಜರೇಟರ್ ತಾಯಿ" ಎಂದು ಕರೆದರು. ಅದು ಶುದ್ಧ ಸುಳ್ಳೆಂದು ಆಮೇಲೆ ಗೊತ್ತಾಯಿತು. ಅಷ್ಟರೊಳಗೆ ಎಷ್ಟು ತಾಯಂದಿರು ತಮ್ಮನ್ನೇ ಶಪಿಸಿಕೊಂಡರೋ. ಕರ್ಮದ ಹೆಸರಿನಲ್ಲಿ ನಮ್ಮ ಹಿರಿಯರ ಮೇಲೆ ಹೊರಿಸಿದ ತಪ್ಪೂ ಇದೇ ಜಾತಿಯದು. ವಿಜ್ಞಾನದ ಭಾಷೆಯಲ್ಲಿ ಹೇಳಿದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ.

ತಾಯಿ ಏಕೆ ಕಡಿಮೆ ನೆಕ್ಕುತ್ತಾಳೆ? ಈ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಪಟಿಚ್ಚ ಸಮುಪ್ಪಾದವನ್ನು ಓದಿಯೂ ಓದದಂತೆ. ಯಾವುದೂ ತಾನಾಗಿ ಹುಟ್ಟುವುದಿಲ್ಲ, ಪ್ರತಿಯೊಂದಕ್ಕೂ ಹಿಂದೆ ಕಾರಣಗಳಿವೆ ಎಂದು ಒಪ್ಪಿದವರು ನಾವು. ಮಗುವಿನ ಅಂಜಿಕೆಗೆ ಕಾರಣ ಹುಡುಕುತ್ತ ತಾಯಿಯವರೆಗೆ ಬಂದು ಅಲ್ಲೇ ನಿಂತುಬಿಡುವುದು ಸರಿಯಲ್ಲ. ಮೀನಿಯವರ ಜೊತೆಗೇ ಕೆಲಸ ಮಾಡಿದ ಫ್ರಾನ್ಸಿಸ್ ಶಾಂಪೇನ್ ಎಂಬ ವಿಜ್ಞಾನಿ ತುಂಬ ನೆಕ್ಕುವ ಇಲಿಗಳನ್ನೇ ಬಸುರಿನ ಕಾಲದಲ್ಲಿ ಒತ್ತಡಕ್ಕೆ ಒಡ್ಡಿದರು. ಹೆತ್ತ ಮೇಲೆ ಅವೂ ಕಡಿಮೆ ನೆಕ್ಕಿದವು. ಮುಂದಿನ ಬಸುರಿನಲ್ಲಿ ಯಾವ ಒತ್ತಡ ಕೊಡದಿದ್ದರೂ ಹಾಗೇ ಮುಂದುವರಿದವು. ಒಳ್ಳೆಯ ತಾಯಿ ಕೆಟ್ಟ ತಾಯಿ ಎಂದು ಎರಡು ಜಾತಿ ಇಲ್ಲ. ತಾಯಿಯ ಮೇಲೆ ಏನು ಬಿದ್ದಿದೆ ಎಂಬುದಿದೆ.

ನಾನು ಓದಿದ್ದರಲ್ಲಿ ನನ್ನನ್ನು ತುಂಬ ಹೊತ್ತು ಕೂರಿಸಿದ್ದು ಇಲಿಯದಲ್ಲ, ಕೋತಿಯದು. ಅದೂ ನಮ್ಮ ದಕ್ಷಿಣ ಭಾರತದ ಕೋತಿ. ನಮ್ಮ ಬೆಟ್ಟ, ಬಸ್ ಸ್ಟ್ಯಾಂಡ್, ಶಾಲೆಯ ಮಾಳಿಗೆಯ ಮೇಲೆ ಕಾಣುವ, ತಲೆಯ ಮೇಲೆ ಟೋಪಿ ಇಟ್ಟಂತೆ ಕೂದಲಿರುವ, ಮಕ್ಕಳ ಬುತ್ತಿ ಕಸಿದು ಓಡುವ ಅದೇ ಕೋತಿ. ನ್ಯೂಯಾರ್ಕಿನಲ್ಲಿ ಲಿಯೊನಾರ್ಡ್ ರೋಸೆನ್‌ಬ್ಲಮ್ ಎಂಬವರು ಈ ಜಾತಿಯ ತಾಯಿ-ಮರಿಗಳನ್ನು ಸಾಕಿ 1984ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು.

ಅವರು ತಾಯಂದಿರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಆಹಾರ ಸುಲಭವಾಗಿ ಕೈಗೆ ಸಿಗುತ್ತಿತ್ತು. ಎರಡನೆಯ ಗುಂಪು ದಿನವೂ ಕೆದಕಿ, ಹುಡುಕಿ ತಿನ್ನಬೇಕಿತ್ತು. ಕಷ್ಟ, ಆದರೆ ದಿನವೂ ಒಂದೇ ಕಷ್ಟ. ಮೂರನೆಯ ಗುಂಪಿಗೆ ಕೆಲವು ದಿನ ಸುಲಭ, ಕೆಲವು ದಿನ ಕಷ್ಟ, ಹೀಗೆ ಸುಮಾರು ಎರಡೆರಡು ವಾರಕ್ಕೊಮ್ಮೆ ಬದಲಾಗುತ್ತಿತ್ತು. ಗಮನಿಸಿ: ಯಾವ ಗುಂಪನ್ನೂ ಉಪವಾಸ ಕೆಡವಲಿಲ್ಲ. ಮೂರಕ್ಕೂ ಹೊಟ್ಟೆ ತುಂಬುತ್ತಿತ್ತು.

ಯಾವ ಗುಂಪಿನ ಮರಿಗಳು ಹೆಚ್ಚು ಕಷ್ಟಪಟ್ಟವು ಎಂದು ನಮ್ಮ ಎಂಟನೇ ತರಗತಿಯಲ್ಲಿ ಕೇಳಿದೆ. ಮಕ್ಕಳೆಲ್ಲ ಎರಡನೆಯದು ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲ, ಮೂರನೆಯದು. ದಿನವೂ ದುಡಿದು ತಿನ್ನುವ ತಾಯಂದಿರ ಮರಿಗಳು ಹೆಚ್ಚುಕಡಿಮೆ ಚೆನ್ನಾಗಿಯೇ ಬೆಳೆದವು. ನಾಳೆ ಹೇಗೋ ಗೊತ್ತಿಲ್ಲದ ತಾಯಂದಿರ ಮನಸ್ಸು ನಿಂತಲ್ಲಿ ನಿಲ್ಲಲಿಲ್ಲ, ತಮ್ಮತಮ್ಮಲ್ಲೇ ಜಗಳ ಹೆಚ್ಚಿತು. ಮರಿ ಹತ್ತಿರ ಬಂದಾಗ ಸಮಾಧಾನವಾಗಿ ಸ್ಪಂದಿಸಲು ಅವುಗಳ ಒಳಗೆ ಜಾಗವಿರಲಿಲ್ಲ. ಮರಿಗಳು ತಾಯಿಯ ಮೈಗೆ ಅಂಟಿಕೊಂಡೇ ಉಳಿದವು, ಹೊಸದನ್ನು ಮುಟ್ಟಿ ನೋಡಲಿಲ್ಲ. ಆ ಮರಿಗಳು ದೊಡ್ಡವಾದ ಮೇಲೆ, 1996ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಿದುಳಿನ ಸುತ್ತಲಿನ ದ್ರವದಲ್ಲಿ ಒತ್ತಡವನ್ನು ಎಬ್ಬಿಸುವ ಒಂದು ರಾಸಾಯನಿಕ ಹೆಚ್ಚಾಗಿಯೇ ಇತ್ತು.

ಇದನ್ನು ಓದಿ ನಾನು ಪುಸ್ತಕ ಮಡಚಿಟ್ಟೆ. ನಮ್ಮವ್ವ ನೆನಪಾದಳು. ಬೆಳಗ್ಗೆ ಆರಕ್ಕೆ ಕೇರಿಯ ಅರಳಿಕಟ್ಟೆಯ ಹತ್ತಿರ ಹೋಗಿ ನಿಂತರೆ ಯಾರಾದರೂ ಬಂದು "ಇವತ್ತು ನಾಕ್ ಆಳು" ಎಂದು ಬೆರಳು ತೋರಿಸುತ್ತಿದ್ದರು. ಆ ನಾಲ್ಕರಲ್ಲಿ ಅವಳು ಇದ್ದರೆ ಸಂಜೆ ನಮಗೆ ಕಥೆ, ನಗು, ತಲೆಗೆ ಎಣ್ಣೆ. ಇಲ್ಲದ ದಿನ ಮನೆಗೆ ಬಂದವಳು ಪಾತ್ರೆ ಕುಕ್ಕುತ್ತಿದ್ದಳು, ನಾವು ಮೂಲೆ ಹಿಡಿಯುತ್ತಿದ್ದೆವು. ಕೆಲಸ ಇದ್ದ ದಿನವೇ ಅವಳಿಗೆ ಮೈ ನೋವು ಹೆಚ್ಚು, ಆದರೂ ನಗುತ್ತಿದ್ದಳು. ಚಿಕ್ಕವನಾಗಿದ್ದಾಗ ನನಗೆ ಇದು ಒಗಟಾಗಿತ್ತು. ಕೆಲಸ ಸಿಗದ ದಿನ ಅವಳ ಪ್ರೀತಿ ಕಡಿಮೆಯಾಗುತ್ತಿತ್ತು ಎಂದು ಅಂದುಕೊಂಡೇ ಬೆಳೆದೆ. ಅವಳು ಹೋಗಿ ಒಂಬತ್ತು ವರ್ಷವಾದ ಮೇಲೆ ಒಂದು ಕೋತಿಯ ಪ್ರಯೋಗ ಓದಿ ತಿಳಿಯಬೇಕಾಯಿತು.

ಈ ಪ್ರಯೋಗಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪ್ರಾಣಿಗಳನ್ನು ಹೀಗೆ ನೋಯಿಸಿ ಕಲಿಯುವುದು ಮೊದಲ ಶೀಲ ಹಿಡಿದವರಿಗೆ ಸುಲಭವಾಗಿ ಒಪ್ಪುವ ವಿಷಯವಲ್ಲ. ಅಮೆರಿಕದ ಹ್ಯಾರಿ ಹಾರ್ಲೋ 1950ರ ದಶಕದಲ್ಲಿ ಮರಿಕೋತಿಗಳನ್ನು ತಾಯಿಯಿಂದ ಕಿತ್ತು, ಹಾಲಿನ ಬಾಟಲಿ ಕಟ್ಟಿದ ತಂತಿಯ ಬೊಂಬೆ ಒಂದು, ಮೆತ್ತನೆ ಬಟ್ಟೆ ಸುತ್ತಿದ ಬೊಂಬೆ ಇನ್ನೊಂದು ಇಟ್ಟರು. ಮರಿಗಳು ಹಾಲು ಕುಡಿಯಲಷ್ಟೇ ತಂತಿಯ ಹತ್ತಿರ ಹೋಗಿ, ಉಳಿದ ಹೊತ್ತೆಲ್ಲ ಬಟ್ಟೆಯ ಬೊಂಬೆಯನ್ನು ತಬ್ಬಿಕೊಂಡವು. ಹೊಟ್ಟೆಗಿಂತ ಸ್ಪರ್ಶ ದೊಡ್ಡದೆಂದು ಜಗತ್ತಿಗೆ ಗೊತ್ತಾಯಿತು. ನಮ್ಮ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಹಾರ್ಲೋ ಅಷ್ಟಕ್ಕೇ ನಿಲ್ಲದೆ ಮರಿಗಳನ್ನು ತಿಂಗಳುಗಟ್ಟಲೆ ಒಂಟಿಯಾಗಿ ಕೂಡಿಹಾಕಿದರು. ಅವು ಮೈ ಪರಚಿಕೊಂಡು ಮೂಲೆಯಲ್ಲಿ ತೂಗುತ್ತ ಕೂತವು. ಜ್ಞಾನ ಬಂದಿದೆ, ಬಳಸುತ್ತೇವೆ, ಆದರೆ ಅದರ ಬೆಲೆಯನ್ನು ಯಾರು ತೆತ್ತರು ಎಂಬುದು ಮನಸ್ಸಿನಲ್ಲಿರಲಿ.

ಆ ಕಥೆಗೆ ಒಂದು ಮುಂದುವರಿಕೆ ಇದೆ, ಆ ತಂಗಿಗಾಗಿ ಅದನ್ನು ಹೇಳಬೇಕು. ಒಂಟಿಯಾಗಿ ಬೆಳೆದ ಆ ಕೋತಿಗಳು ಇನ್ನು ಸರಿಹೋಗುವುದಿಲ್ಲ ಎಂದೇ ಮೊದಲು ನಂಬಿದ್ದರು. ಹಾರ್ಲೋ ಮತ್ತು ಅವರ ಶಿಷ್ಯ ಸ್ಟೀಫನ್ ಸುವೊಮಿ ಆಮೇಲೆ ಒಂದು ಉಪಾಯ ಮಾಡಿ, ಅವುಗಳ ಜೊತೆ ಅವಕ್ಕಿಂತ ಚಿಕ್ಕ, ಸುಮಾರು ಮೂರು ತಿಂಗಳ ಮರಿಗಳನ್ನು ಬಿಟ್ಟರು. ಈ ಪುಟ್ಟ ಮರಿಗಳು ಹೊಡೆಯಲಿಲ್ಲ, ಹೆದರಿಸಲಿಲ್ಲ. ಮೂಲೆಯಲ್ಲಿ ಕೂತ ದೊಡ್ಡದರ ಹತ್ತಿರ ಹೋಗಿ ಸುಮ್ಮನೆ ತಬ್ಬಿಕೊಂಡವು. ದಿನ ಕಳೆದಂತೆ ಮೈ ತೂಗುವುದು ಕಡಿಮೆಯಾಗಿ, ಕೆಲವು ತಿಂಗಳಲ್ಲಿ ಎರಡೂ ಒಟ್ಟಿಗೆ ಆಡತೊಡಗಿದವು. 1972ರಲ್ಲಿ ಇದು ಪ್ರಕಟವಾಯಿತು. ಕಲ್ಯಾಣಮಿತ್ರ ಎಂಬ ಪದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಕ್ಕಿಲ್ಲ. ಮೀನಿಯವರ ತಂಡವೂ ಕಡಿಮೆ ನೆಕ್ಕಿಸಿಕೊಂಡ ಇಲಿಗಳನ್ನು ಹಾಲು ಬಿಟ್ಟ ಮೇಲೆ ಆಟದ ಸಾಮಾನು, ಜೊತೆಗಾರರು ಇರುವ ದೊಡ್ಡ ಗೂಡಿನಲ್ಲಿ ಬೆಳೆಸಿ, ಅಂಜಿಕೆ ಬಹಳ ಮಟ್ಟಿಗೆ ಇಳಿದದ್ದನ್ನು ಕಂಡಿದೆ. ಇನ್ನೊಂದು ವಿಚಾರ: ಅಪಾಯದ ಒತ್ತಡದಲ್ಲಿ ಕಲಿಯಬೇಕಾದ ಕೆಲಸಗಳಲ್ಲಿ ಕಡಿಮೆ ನೆಕ್ಕಿಸಿಕೊಂಡ ಇಲಿಗಳೇ ಮುಂದಿದ್ದವು. ಅವು ಕೆಟ್ಟುಹೋದ ಮರಿಗಳಲ್ಲ, ಕಷ್ಟದ ಲೋಕಕ್ಕೆ ತಯಾರಾದ ಮರಿಗಳು. ಬೆಚ್ಚುವ ಮಗು ದಡ್ಡ ಮಗುವಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಮೇಷ್ಟ್ರ ಮುಖ ಓದುವವನು ಅವನೇ.

ತಂಗಿ, ಈಗ ನಿಮ್ಮ ಪ್ರಶ್ನೆ. ಇಲಿ ಕೋತಿಗಳಿಂದ ಮನುಷ್ಯರಿಗೆ ನೇರ ಗೆರೆ ಎಳೆಯಬಾರದು. ಮನುಷ್ಯ ಮಗುವನ್ನು ಸಾಕುವುದು ಒಬ್ಬಳೇ ಅಲ್ಲ, ನಮ್ಮ ಮನೆಗಳಲ್ಲಂತೂ ಎಂದೂ ಒಬ್ಬಳೇ ಸಾಕಿಲ್ಲ. ನಿಮ್ಮ ಮಗನಿಗೆ ಮಡಿಲು ಸಿಕ್ಕಿದೆ, ನಿಮ್ಮವ್ವನ ಮಡಿಲು. ಅವನು ರಾತ್ರಿ ಹಿಡಿಯುವ ಆ ಸೆರಗೇ ಸಾಕ್ಷಿ. ಹುಟ್ಟಿನಿಂದಲೇ ಕೆಲವು ಮಕ್ಕಳು ಮೆತ್ತಗಿರುತ್ತಾರೆ ಎಂಬುದೂ ಉಂಟು. ಅವನು ಬೆಚ್ಚುವುದಕ್ಕೆ ಇಂಥದ್ದೇ ಕಾರಣ ಎಂದು ನಾನಾಗಲಿ ಆ ನೆಂಟರಾಗಲಿ ಹೇಳಲು ಸಾಧ್ಯವಿಲ್ಲ. ಅಂಜಿಕೆ ಕಡಿಮೆಯಾಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸೋಣ, ನಾನು ಜೊತೆಗೆ ಬರುತ್ತೇನೆ. ಆದರೆ ಮೂರು ತಿಂಗಳಿಗೆ ಮಗುವನ್ನು ಬಿಟ್ಟು ಹೋಗಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ನೀವೇ ಹೇಳಿದಿರಿ: ಹೊಸ ಫ್ಯಾಕ್ಟರಿಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ, ರಜೆಯ ಸಂಬಳ ಬರುವುದಿಲ್ಲ ಎಂದರು, ತಡವಾದರೆ ಮಿಷಿನ್ ಬೇರೆಯವರಿಗೆ ಹೋಗುತ್ತದೆ ಎಂದರು. ಆ ಲೆಕ್ಕವನ್ನು ನಿಮ್ಮ ಪ್ರೀತಿಯ ಲೆಕ್ಕಕ್ಕೆ ಸೇರಿಸಬೇಡಿ.

ಬಾಬಾಸಾಹೇಬರು ಈ ಲೆಕ್ಕವನ್ನು ಸರಿಯಾದ ಪುಸ್ತಕದಲ್ಲಿ ಬರೆದವರು. 1928ರ ಜುಲೈ 28ರಂದು ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರವಾಗಿ ಮಾತಾಡಿದರು. ಹೆರಿಗೆಗೆ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೇ ಬೇಕಾದದ್ದು, ಆದ್ದರಿಂದ ಖರ್ಚಿನ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು, ಹೆಂಗಸಿನ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಜವಾಬ್ದಾರಿಯಿಂದ ನುಣುಚಿಕೊಳ್ಳುವಂತಿಲ್ಲ ಎಂಬುದು ಅವರ ವಾದದ ತಿರುಳು. ಮರುವರ್ಷ, 1929ರಲ್ಲಿ, ಮುಂಬೈ ಪ್ರಾಂತ್ಯದಲ್ಲಿ ಆ ಕಾನೂನು ಬಂತು. ಮುಂದೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಗಣಿ ಕೆಲಸದ ಹೆಂಗಸರ ಹೆರಿಗೆ ಸೌಲಭ್ಯದ ಕಾಯ್ದೆಗೂ ತಿದ್ದುಪಡಿ ತಂದರು.

1928ರ ಆ ಭಾಷಣಕ್ಕೆ ಎರಡು ವರ್ಷ ಹಿಂದೆ, 1926ರ ಜುಲೈನಲ್ಲಿ, ಅವರ ಕಿರಿಯ ಮಗ ರಾಜರತ್ನ ತೀರಿಕೊಂಡಿದ್ದ. ತಾಯಿ ರಮಾಬಾಯಿ ಹೆತ್ತ ಐವರಲ್ಲಿ ಉಳಿದದ್ದು ಯಶವಂತ ಒಬ್ಬರೇ. ಪರಿಷತ್ತಿನಲ್ಲಿ ಅವರು ಮನೆಯ ದುಃಖವನ್ನು ಮಾತಾಡಲಿಲ್ಲ, ಗಿರಣಿಯ ಹೆಂಗಸರ ಬಗ್ಗೆ ಮಾತಾಡಿದರು. ನಾನು ಆ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ, ಅಷ್ಟೇ.

ಈಗ ನಾವು ಎಲ್ಲಿದ್ದೇವೆ? 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ಕೆಲಸದ ನಡುವೆ ತಾಯಿ ಅಲ್ಲಿಗೆ ಹೋಗಿ ಬರಲು ಬಿಡಬೇಕು. ಆದರೆ ಹಿಂದಿನ ಒಂದು ವರ್ಷದಲ್ಲಿ 80 ದಿನ ಕೆಲಸ ಮಾಡಿರಬೇಕೆಂಬ ಷರತ್ತಿದೆ. ಇಎಸ್‌ಐ ಇರುವವರಿಗೆ ಲೆಕ್ಕ ಬೇರೆ, ಹಳೆಯ ಫ್ಯಾಕ್ಟರಿಯಲ್ಲಿ ಕಟ್ಟಿದ ವಂತಿಗೆಯೂ ಗಣನೆಗೆ ಬರುತ್ತದೆ. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳುವುದಿಲ್ಲ. ಇನ್ನು ಅರಳಿಕಟ್ಟೆಯ ಹತ್ತಿರ ನಿಲ್ಲುವವರಿಗೆ 26 ವಾರವೂ ಇಲ್ಲ, 26 ದಿನವೂ ಇಲ್ಲ. ಮೊದಲ ಹೆರಿಗೆಗೆ ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಒಟ್ಟು 5,000 ರೂಪಾಯಿ. ಅದನ್ನು ಎಷ್ಟು ದಿನದ ಕೂಲಿಗೆ ಹಂಚಬಹುದೋ ನೀವೇ ನೋಡಿ. ನಮ್ಮ ರಾಜ್ಯದಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆದಿದ್ದಾರೆ. ಹೆಸರು ಚೆನ್ನಾಗಿದೆ. ನಮ್ಮ ಪಂಚಾಯಿತಿಯಲ್ಲಿ ಅದು ತೆರೆದಿರುವುದು ಎಷ್ಟು ಹೊತ್ತು, ನಮ್ಮ ಕೇರಿಯ ಮಕ್ಕಳನ್ನು ಅಲ್ಲಿ ಎತ್ತಿಕೊಳ್ಳುವವರು ಇದ್ದಾರೆಯೇ ಎಂದು ಹೋಗಿ ನೋಡಬೇಕು.

ಕೊನೆಗೆ ಗಂಡಸರಿಗೆ ಒಂದು ಮಾತು. ಕರಣೀಯ ಮೆತ್ತ ಸುತ್ತದಲ್ಲಿ ಮೈತ್ರಿಯ ಅಳತೆಗೆ ತಾಯಿಯನ್ನೇ ಉಪಮೆಯಾಗಿ ಇಟ್ಟಿದ್ದಾರೆ. ನಾವು ಅದನ್ನು ಪಠಿಸಿ, ತಾಯಂದಿರ ದಿನದಂದು ಸ್ಟೇಟಸ್ ಹಾಕಿ, ಕೆಲಸವನ್ನು ಮಾತ್ರ ತಾಯಂದಿರಿಗೇ ಬಿಡುತ್ತೇವೆ. ಆದರೆ ಆ ಸುತ್ತವನ್ನು ಕೇಳಿಸಿಕೊಂಡವರು ಯಾರು? ಭಿಕ್ಷುಗಳು, ಮನೆ ಬಿಟ್ಟ ಗಂಡಸರು. ತಾಯಿಯ ಮನಸ್ಸನ್ನು ಬೆಳೆಸಿಕೊಳ್ಳಿ ಎಂದು ಹೇಳಿದ್ದು ಹೆರಲಾರದವರಿಗೆ. ಅದು ಆಗದ ಕೆಲಸವಾಗಿದ್ದರೆ ತಥಾಗತರು ಹೇಳುತ್ತಿರಲಿಲ್ಲ. ಆ ಗಂಡು ಇಲಿಗಳು ಒಂದು ವಾರದಲ್ಲಿ ಕಲಿತವು. ಫಿಲಿಪ್ಪೀನ್ಸ್ ದೇಶದ ಸೆಬು ಎಂಬಲ್ಲಿ ಆರುನೂರಕ್ಕೂ ಹೆಚ್ಚು ಯುವಕರನ್ನು ವರ್ಷಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಬಂತು. ತಂದೆಯಾದವರಲ್ಲಿ ಗಂಡಸುತನದ ಹಾರ್ಮೋನು ಟೆಸ್ಟೋಸ್ಟಿರಾನ್ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಮಗುವನ್ನು ನೋಡಿಕೊಳ್ಳುವವರಲ್ಲಿ, ಏನೂ ಮಾಡದ ತಂದೆಯರಿಗಿಂತ ಇನ್ನೂ ಕಡಿಮೆಯಿತ್ತು. ಎತ್ತಿಕೊಳ್ಳುವ ಕೈಗೆ ತಕ್ಕಂತೆ ಮೈ ಬದಲಾಗುತ್ತದೆ. ನನ್ನ ಮಗಳು ಹುಟ್ಟಿದಾಗ "ಬೆಳಗ್ಗೆ ಸ್ಕೂಲಿದೆ" ಎಂದು ಮೂರು ತಿಂಗಳು ನಡುಮನೆಯಲ್ಲಿ ಮಲಗಿದವನು ನಾನು. ನನ್ನ ಹೆಂಡತಿಯೂ ಟೀಚರೇ. ಅವಳಿಗೂ ಆಮೇಲೆ ಬೆಳಗ್ಗೆ ಸ್ಕೂಲಿತ್ತು. ಈ ಸಾಲನ್ನು ಅವಳಿಗೆ ಓದಿ ಹೇಳಿದೆ, "ಈಗ ಬರ್ದ್ರೆ ಏನ್ ಬಂತು" ಎಂದಳು.

ಮಂಗಳವಾರ ಸಂಜೆ ಶಾಲೆ ಬಿಟ್ಟ ಮೇಲೆ ಪಂಚಾಯಿತಿಗೆ ಹೋಗಿ ಕೂಸಿನ ಮನೆ ನೋಡಿ ಬರುತ್ತೇನೆ. ಜೊತೆಗೆ ಬರುವವರು ಈ ಗುಂಪಿನಲ್ಲೇ ತಿಳಿಸಿ, ಹೆಂಗಸರು ಇದ್ದರೆ ಒಳ್ಳೆಯದು. ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕತಂಗಿಯರು ಭಾನುವಾರ ನಿಮ್ಮ ಇಎಸ್‌ಐ ಕಾರ್ಡ್ ತನ್ನಿ, ಅದರ ವಿಷಯ ತಿಳಿದವರೊಬ್ಬರನ್ನು ಬರಲು ಕೇಳಿದ್ದೇನೆ. ಟೀ ಮಾಡುವ ಸರದಿ ಈ ವಾರ ಗಂಡಸರದು. ಆ ತಂಗಿಯ ಮಗನೂ ಬರುತ್ತಾನಂತೆ. ಎಲ್ಲರೂ ಒಟ್ಟಿಗೆ ಅವನನ್ನು ಮಾತಾಡಿಸಲು ಹೋಗಬೇಡಿ. ನಿಮ್ಮ ಮಕ್ಕಳಲ್ಲಿ ಅವನಿಗಿಂತ ಚಿಕ್ಕವರಿದ್ದರೆ ಕರೆದುಕೊಂಡು ಬನ್ನಿ, ಅವನ ಪಕ್ಕದಲ್ಲಿ ಆಡಿಕೊಂಡಿರಲಿ.

ಜೈ ಭೀಮ್. ನಮೋ ಬುದ್ಧಾಯ.